ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ‘ಶೇ 100 ಫಲಿತಾಂಶ’ ಬಿಟ್ಟು ಬೇರೆ ಏನು ಗುರಿ ಬರೆಯಬೇಕು? (ಮಧುಗಿರಿ ಶೈಕ್ಷಣಿಕ ಜಿಲ್ಲೆ)

ಜಯಮಂಗಲಿ, ಕೊರಟಗೆರೆ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಈ ಸಲ ನನ್ನನ್ನೂ ಸೇರಿಸಿದ್ದಾರೆ. ಮಗಳು ಅಲ್ಲೇ ಐದನೇ ತರಗತಿ ಓದುತ್ತಿದ್ದಾಳೆ. ಮುಂದಿನ ಸಭೆಯಲ್ಲಿ ಶಾಲಾ ಅಭಿವೃದ್ಧಿ ಯೋಜನೆ ಬರೆಯಬೇಕು, ನೀವೂ ನೋಡಿಕೊಂಡು ಬನ್ನಿ ಅಂತ ಹೆಡ್‌ಮಾಸ್ಟರು ಹಳೆ ಫೈಲ್ ಕೊಟ್ಟರು. ಒಳ್ಳೆಯ ಮನುಷ್ಯ, ಮುಚ್ಚಿಡುವ ಬುದ್ಧಿ ಇಲ್ಲ.

ಫೈಲ್ ಓದಿದೆ. ಮೊದಲ ಪುಟದಲ್ಲಿ ಧ್ಯೇಯ ಮತ್ತು ಗುರಿಗಳು ಅಂತ ಇದೆ. ಗುಣಮಟ್ಟದ ಶಿಕ್ಷಣ, ಸರ್ವಾಂಗೀಣ ಬೆಳವಣಿಗೆ, ಶೇ 100 ದಾಖಲಾತಿ, ಶೇ 100 ಹಾಜರಾತಿ, ಶೇ 100 ಫಲಿತಾಂಶ. ಆಮೇಲೆ ಕಾಂಪೌಂಡು, ನೀರಿನ ಟ್ಯಾಂಕು, ಗೋಡೆಗೆ ಬಣ್ಣ, ಟಿವಿ. ಇವೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ಮಕ್ಕಳು ಏನು ಕಲಿಯಬೇಕು, ಯಾರು ಕಲಿಸುತ್ತಾರೆ, ಕಲಿತರೋ ಇಲ್ಲವೋ ಅಂತ ಯಾವಾಗ ನೋಡುತ್ತೇವೆ, ಇದರ ಬಗ್ಗೆ ಒಂದು ಸಾಲೂ ಇಲ್ಲ.

ನನಗೆ ಇದು ಯಾಕೆ ಚುಚ್ಚಿತು ಅಂದರೆ, ಮಗಳು ಕನ್ನಡ ಪಾಠ ಗಡಗಡ ಓದುತ್ತಾಳೆ. ಅದೇ ಮಗುವಿನ ಕೈಗೆ ಪೇಪರ್ ಕೊಟ್ಟು ಒಂದು ಸುದ್ದಿ ಓದು ಅಂದರೆ ಒತ್ತಕ್ಷರ ಬಂದ ಕಡೆ ನಿಂತುಬಿಡುತ್ತಾಳೆ. ‘ರಾಷ್ಟ್ರೀಯ’ ಅನ್ನುವಷ್ಟರಲ್ಲಿ ನನ್ನ ಮುಖ ನೋಡುತ್ತಾಳೆ. ಪಾಠ ಬಾಯಿಪಾಠ ಆಗಿದೆ, ಓದು ಬಂದಿಲ್ಲ. ಇದು ನಮ್ಮನೆ ಮಗುವಿನ ಕತೆ ಮಾತ್ರ ಅಲ್ಲ ಅಂತ ಓಣಿಯ ಉಳಿದ ಮಕ್ಕಳನ್ನು ನೋಡಿದರೆ ಗೊತ್ತಾಗುತ್ತದೆ.

ಮೇಲಿನಿಂದ ಬರುವ ಮಾತೆಲ್ಲ ಎಸ್‌ಎಸ್‌ಎಲ್‌ಸಿದೇ. ನಮ್ಮ ತುಮಕೂರು ಒಂದೇ ಜಿಲ್ಲೆಯಾದರೂ ಶಿಕ್ಷಣ ಇಲಾಖೆ ಲೆಕ್ಕದಲ್ಲಿ ಎರಡು, ಮಧುಗಿರಿ ಬೇರೆ ತುಮಕೂರು ಬೇರೆ. ಹಾಗಾಗಿ ಪ್ರತಿ ವರ್ಷ ಯಾರು ಯಾವ ಸ್ಥಾನ ಅಂತಲೇ ಚರ್ಚೆ. ಒಂದರಿಂದ ಏಳರವರೆಗೆ ಇರುವ ಶಾಲೆ ಇದರಲ್ಲಿ ಏನು ಗುರಿ ಹಾಕಿಕೊಳ್ಳಬೇಕು? ಅಪ್ಪ ಅಮ್ಮಂದಿರು ತಾವೇ ನೋಡಿ ಹೌದು ಇಲ್ಲ ಅನ್ನುವಂತೆ ಬರೆಯುವುದು ಹೇಗೆ? ಇನ್ನೊಂದು, ಪಾಠದ ವಿಷಯದಲ್ಲಿ ಮಾತಾಡುವ ಹಕ್ಕು ಎಸ್‌ಡಿಎಂಸಿಗೆ ಇದೆಯಾ? ಕಾಂಪೌಂಡ್, ಬಿಸಿಯೂಟ ಅಷ್ಟೇ ನಿಮ್ಮದು ಅಂತ ಒಬ್ಬರು ಸದಸ್ಯರೇ ಹೇಳಿದರು.


ಲೆಕ್ಕದ ಮೇಷ್ಟ್ರು, ಶಿರಾ:

ಪ್ರಶ್ನೆ ಕೇಳಿದ್ದಕ್ಕೆ ಖುಷಿಯಾಯಿತು. ನಾನು ಹೈಸ್ಕೂಲಲ್ಲಿ ಗಣಿತ ಹೇಳಿಕೊಡುವವನು. ಹತ್ತನೇ ತರಗತಿಯ ಗುರಿ ಹತ್ತನೇ ತರಗತಿಯಲ್ಲಿ ಮುಟ್ಟುವುದಕ್ಕೆ ಆಗುವುದಿಲ್ಲ ಅನ್ನುವುದು ನಮಗೆ ದಿನವೂ ಕಾಣುತ್ತದೆ.

ಎಂಟನೇ ತರಗತಿಗೆ ಸೇರುವ ಮಕ್ಕಳಿಗೆ ಜೂನ್‌ನಲ್ಲಿ ಹಿಂದಿನ ತರಗತಿಯ ಪಾಠ ನೆನಪಿಸುವ ಸೇತುಬಂಧ ಮಾಡುತ್ತೇವಲ್ಲ, ಆಗ ಒಂದು ಲೆಕ್ಕ ಕೊಡುತ್ತೇನೆ. 52ರಲ್ಲಿ 18 ಕಳೆಯಿರಿ. ಎಷ್ಟೋ ಮಕ್ಕಳು 46 ಅಂತ ಬರೆಯುತ್ತಾರೆ. ಯಾಕೆ ಅಂತ ಕೂತು ಕೇಳಬೇಕು. 8ರಲ್ಲಿ 2 ಹೋದರೆ 6, 5ರಲ್ಲಿ 1 ಹೋದರೆ 4, ಅಂತ ಮಗು ಹೇಳುತ್ತದೆ. ಕಳೆಯುವುದು ಅಂದರೆ ದೊಡ್ಡದರಿಂದ ಚಿಕ್ಕದು ತೆಗೆಯುವುದು ಅಂತ ಅದಕ್ಕೆ ಗೊತ್ತು. ಆದರೆ 52 ಅಂದರೆ ಐದು ಹತ್ತು, ಎರಡು ಬಿಡಿ ಅನ್ನುವುದು ತಲೆಗೆ ಹೋಗಿಲ್ಲ. ಎರಡನೇ, ಮೂರನೇ ತರಗತಿಯಲ್ಲಿ ಕಡ್ಡಿ ಕಟ್ಟು ಕೈಗೆ ಕೊಟ್ಟು, ಒಂದು ಕಟ್ಟು ಬಿಚ್ಚಿಸಿ, ಈಗ ಹನ್ನೆರಡು ಬಿಡಿ ಆಯಿತು ನೋಡು ಅಂತ ತೋರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದು ಆಗದೆ ಬಂದ ಮಗುವಿಗೆ ನಾನು ಬೀಜಗಣಿತ ಹೇಗೆ ಹೇಳಲಿ? ಹತ್ತನೇ ತರಗತಿಗೆ ಬರುವಷ್ಟರಲ್ಲಿ ಅವನಿಗೆ ಪಾಸಿಂಗ್ ಪ್ಯಾಕೇಜ್. ಬರುವ ಪ್ರಶ್ನೆ ಇಂತಿಷ್ಟು, ಅಷ್ಟನ್ನೇ ಬರೆದು ಬರೆದು ಅಭ್ಯಾಸ ಮಾಡು. ಬೆಳಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಓದು, ಒಬ್ಬೊಬ್ಬ ಶಿಕ್ಷಕರು ಕೆಲವು ಮಕ್ಕಳ ಓದಿನ ಹೊಣೆ ಹೊತ್ತು ‘ದತ್ತು’ ತೆಗೆದುಕೊಳ್ಳುವುದು, ನಸುಕಿನಲ್ಲಿ ಫೋನ್ ಮಾಡಿ ಎಬ್ಬಿಸುವುದು, ಎಲ್ಲ ಮಾಡುತ್ತೇವೆ. ಅದರಿಂದ ಮಕ್ಕಳು ಪಾಸಾಗಿದ್ದಾರೆ, ಅದು ಸಣ್ಣ ವಿಷಯ ಅಲ್ಲ. ಆದರೆ ಪಿಯುಸಿಗೆ ಹೋದ ಮೇಲೆ ಅದೇ ಮಕ್ಕಳು ಒದ್ದಾಡುತ್ತಾರೆ.

ಇನ್ನು ಶೇಕಡಾ ಲೆಕ್ಕ. ಅದನ್ನು ಗುರಿಯಾಗಿ ಇಟ್ಟುಕೊಂಡರೆ ಏನಾಗುತ್ತದೆ ನೋಡಿ. ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ 2023ರಲ್ಲಿ ಶೇ 83.89. 2024ರಲ್ಲಿ ಶೇ 73.40. 2025ರ ಪರೀಕ್ಷೆ-1ರಲ್ಲಿ ಶೇ 66.14. ಎರಡೇ ವರ್ಷದಲ್ಲಿ ನಮ್ಮ ಮಕ್ಕಳು ಅಷ್ಟು ದಡ್ಡರಾದರಾ? ಇಲ್ಲ. 2024ರಿಂದ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ನಕಲಿಗೆ ಕಡಿವಾಣ ಬಿತ್ತು. ಆ ವರ್ಷ ಕೃಪಾಂಕವನ್ನು ಶೇ 20ಕ್ಕೆ ಏರಿಸಿಯೂ ಫಲಿತಾಂಶ ಇಳಿಯಿತು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕವನ್ನೂ ತೆಗೆದರು, ಇನ್ನೂ ಇಳಿಯಿತು. ಈಗ ಒಟ್ಟಾರೆ ಶೇ 35 ಇದ್ದ ಪಾಸ್ ಮಿತಿ ಶೇ 33 ಆಗಿದೆ, ಅಂದರೆ 625ಕ್ಕೆ 206. ಇದರಿಂದ ಫಲಿತಾಂಶ ಏರಿದರೆ ಮಕ್ಕಳು ಜಾಸ್ತಿ ಕಲಿತರು ಅಂತ ಹೇಳುವುದಕ್ಕೆ ಬರುವುದಿಲ್ಲ. ಪರೀಕ್ಷೆಯ ನಿಯಮ ಬದಲಾದಾಗಲೆಲ್ಲ ಏರಿಳಿಯುವ ಅಂಕಿಯನ್ನು ಹಿಡಿದು ಊರ ಶಾಲೆ ಗುರಿ ಬರೆಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಿಮ್ಮ ಶಾಲೆಯಿಂದ ನನಗೆ ಬೇಕಾಗಿರುವುದು ಇಷ್ಟೇ. ಏಳನೇ ತರಗತಿ ದಾಟುವ ಮಗು ಕಾಣದ ಪುಟವೊಂದನ್ನು ಓದಿ ಏನಿದೆ ಅಂತ ಹೇಳಬೇಕು. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ಭಿನ್ನರಾಶಿ ಗೊತ್ತಿರಬೇಕು. ಉಳಿದದ್ದು ನಮಗೆ ಬಿಡಿ.


ನಿವೃತ್ತ ಸಿಆರ್‌ಪಿ, ಮಧುಗಿರಿ:

ಜಯಮಂಗಲಿಯವರೇ, ನಾನು ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳಿಗೆ ಹೋಗಿ ಶಿಕ್ಷಕರಿಗೆ ನೆರವಾಗುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಆಗಿದ್ದವನು. ಮೊದಲು ನಿಮ್ಮ ಹಕ್ಕಿನ ವಿಷಯ. ಕಾಂಪೌಂಡಷ್ಟೇ ನಿಮ್ಮದು ಅಂದವರು ಕಾನೂನು ನೋಡಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಣ್ಣುಮಕ್ಕಳು ಇರಬೇಕು. ಶಾಲೆ ಹೇಗೆ ನಡೆಯುತ್ತಿದೆ ಅಂತ ನೋಡುವುದು, ಯೋಜನೆ ಮಾಡುವುದು ಸಮಿತಿಯ ಕೆಲಸ. 22ನೇ ಸೆಕ್ಷನ್ ಇನ್ನೂ ಮುಖ್ಯ. ನೀವು ಬರೆಯುವ ಯೋಜನೆಯ ಆಧಾರದ ಮೇಲೆಯೇ ಸರ್ಕಾರ ಯೋಜನೆ ಮಾಡಬೇಕು, ಅನುದಾನ ಕೊಡಬೇಕು ಅಂತ ಅದರಲ್ಲಿದೆ. 24ನೇ ಸೆಕ್ಷನ್ ಓದಿ. ಪ್ರತಿ ಮಗುವಿನ ಕಲಿಕೆಯ ಮಟ್ಟ ನೋಡಿ ಬೇಕಾದವರಿಗೆ ಹೆಚ್ಚುವರಿ ಪಾಠ ಮಾಡುವುದು, ಪೋಷಕರ ಸಭೆ ಕರೆದು ಮಗುವಿನ ಪ್ರಗತಿ ಹೇಳುವುದು ಶಿಕ್ಷಕರ ಕರ್ತವ್ಯ ಅಂತ ಬರೆದಿದೆ. ಹಾಗಾಗಿ ನೀವು ಕೇಳುತ್ತಿರುವುದು ಯಾರ ಕೆಲಸದಲ್ಲೂ ತಲೆ ಹಾಕಿದಂತೆ ಅಲ್ಲ.

ಆದರೆ ಅದೇ ಕಾಯ್ದೆಯ 27ನೇ ಸೆಕ್ಷನ್ನೂ ನೆನಪಿಡಿ. ಜನಗಣತಿ, ಚುನಾವಣೆ, ವಿಕೋಪ ಪರಿಹಾರ ಬಿಟ್ಟರೆ ಶಿಕ್ಷಕರಿಗೆ ಬೇರೆ ಕೆಲಸ ಕೊಡಬಾರದು ಅಂತಿದೆ. ಎಷ್ಟು ಶಾಲೆಗಳಲ್ಲಿ ಒಬ್ಬರೇ ಮೇಷ್ಟ್ರು ಬಿಸಿಯೂಟದ ಲೆಕ್ಕ, ಹಾಲು ಮೊಟ್ಟೆಯ ಲೆಕ್ಕ, ಮಕ್ಕಳ ವಿವರ ಕಂಪ್ಯೂಟರಿಗೆ ಹಾಕುವ ಎಸ್‌ಎಟಿಎಸ್ ಎಂಟ್ರಿ, ಸಭೆ, ವರದಿ ಅಂತ ಓಡಾಡುತ್ತಾರೆ ಗೊತ್ತಲ್ಲ. ಯೋಜನೆಯಲ್ಲಿ ಮಕ್ಕಳಿಗೆ ಗುರಿ ಬರೆಯುವಾಗ ಶಿಕ್ಷಕರ ಕೈ ಬಿಡುವು ಮಾಡಿಕೊಡುವ ಗುರಿಯನ್ನೂ ಬರೆಯಿರಿ. ಬೆಳಗಿನ ಮೊದಲ ಪಿರಿಯಡ್‌ನಲ್ಲಿ ಯಾವ ಕಾರಣಕ್ಕೂ ಮೇಷ್ಟ್ರನ್ನು ತರಗತಿಯಿಂದ ಹೊರಗೆ ಕರೆಯುವುದಿಲ್ಲ, ಫೋನೂ ಮಾಡುವುದಿಲ್ಲ ಅಂತ ಸಮಿತಿಯೇ ಠರಾವು ಮಾಡಬಹುದು. ಮೊಟ್ಟೆ ಎಣಿಸುವುದು, ರೇಷನ್ ತೂಕ ನೋಡುವುದಕ್ಕೆ ಒಬ್ಬ ಪೋಷಕರು ನಿಲ್ಲಬಹುದು.

ಗುರಿ ಬರೆಯುವ ರೀತಿ ಹೇಳುತ್ತೇನೆ. ನಿಮ್ಮ ಶಾಲೆಯಲ್ಲಿ ಒಂದು ತರಗತಿಗೆ 12 ಮಕ್ಕಳು ಇದ್ದರೆ ಒಂದು ಮಗು ಅಂದರೆ ಶೇ 8ಕ್ಕಿಂತ ಜಾಸ್ತಿ. ಇಂಥ ಕಡೆ ಶೇಕಡಾ ಬರೆದು ಏನೂ ಉಪಯೋಗವಿಲ್ಲ. ಹೆಸರು ಬರೆಯಿರಿ. ಯಾವ ಮಗು ಎಲ್ಲಿ ನಿಂತಿದೆ ಅಂತ ಒಂದು ಪಟ್ಟಿ. ಮಕ್ಕಳ ಓದು, ಲೆಕ್ಕ ಎಷ್ಟು ಬಂದಿದೆ ಅಂತ ನೋಡುವ ಅಸರ್ ಸಮೀಕ್ಷೆಯವರು 2005ರಿಂದ ಹಳ್ಳಿಗಳಲ್ಲಿ ಮಾಡಿಕೊಂಡು ಬಂದ ಸರಳ ದಾರಿ ಇದೆ. ಮಗುವಿನ ಪಕ್ಕ ಕೂತು ಒಂದು ಹಾಳೆ ಕೊಡುತ್ತಾರೆ. ಅಕ್ಷರ, ಪದ, ಪುಟ್ಟ ಪ್ಯಾರಾ, ಸಣ್ಣ ಕತೆ. ಎಲ್ಲಿಯವರೆಗೆ ಓದುತ್ತದೆಯೋ ಅದು ಅದರ ಮಟ್ಟ. ಲೆಕ್ಕಕ್ಕೂ ಹಾಗೆಯೇ, ಅಂಕಿ ಗುರುತಿಸುವುದು, ಕಳೆಯುವುದು, ಭಾಗಿಸುವುದು. ಒಂದು ಮಗುವಿಗೆ ಹತ್ತು ನಿಮಿಷ ಸಾಕು. ಆ ಹಾಳೆ ಕನ್ನಡದಲ್ಲೂ ಪುಕ್ಕಟೆ ಸಿಗುತ್ತದೆ.

ಆಮೇಲಿನ ಕೆಲಸ ಶಿಕ್ಷಕರದು. ದಿನಕ್ಕೆ ಒಂದು ಗಂಟೆ ನಾಲ್ಕು ಮತ್ತು ಐದನೇ ತರಗತಿ ಮಕ್ಕಳನ್ನು ತರಗತಿ ಬಿಟ್ಟು ಮಟ್ಟದ ಪ್ರಕಾರ ಕೂರಿಸುವುದು. ಪದ ಓದುವವರು ಒಂದು ಕಡೆ, ಪ್ಯಾರಾ ಓದುವವರು ಒಂದು ಕಡೆ. ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೆ ಕೂತು ಅವರವರ ಕಲಿಕಾ ಏಣಿಯ ಮೇಲೆ ಹತ್ತುತ್ತಾರಲ್ಲ, ಅದರ ಒಳ್ಳೆಯ ಗುಣವೇ ಅದು. 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಶುರುವಾಗಿದ್ದು ನಮ್ಮದೇ ರಾಜ್ಯದ ಪದ್ಧತಿ. ತೊಂದರೆ ಆಗುವುದು ನಾಲ್ಕನೇ ತರಗತಿಯಲ್ಲಿ. ಇದ್ದಕ್ಕಿದ್ದಂತೆ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪಾಠ. ಏಣಿಯ ಅರ್ಧದಲ್ಲಿದ್ದ ಮಗುವನ್ನು ಆಮೇಲೆ ಯಾರೂ ಕೇಳುವುದಿಲ್ಲ. ನಾನು ಸಿಆರ್‌ಪಿ ಆಗಿ ಶಾಲೆ ಸುತ್ತುವಾಗ ಈ ಮಕ್ಕಳನ್ನು ಕೊನೆಯ ಸಾಲಿನಲ್ಲಿ ನೋಡುತ್ತಿದ್ದೆ. ನೋಟ್ಸ್ ಚೆಂದವಾಗಿ ನಕಲು ಮಾಡಿರುತ್ತಾರೆ, ಅಕ್ಷರ ಮುತ್ತಿನಂತೆ ಇರುತ್ತದೆ, ಬರೆದದ್ದನ್ನು ಓದು ಅಂದರೆ ತಲೆ ತಗ್ಗಿಸುತ್ತಾರೆ.

ಹೆಸರಿನ ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ ಮಾತ್ರ. ಅದು ಶಿಕ್ಷಕರ ಹತ್ತಿರ ಮತ್ತು ಆ ಮಗುವಿನ ಮನೆಯವರ ಹತ್ತಿರ ಇರಬೇಕು. ಸಭೆಗೆ ಎಷ್ಟು ಮಕ್ಕಳು ಯಾವ ಮಟ್ಟದಲ್ಲಿ ಅನ್ನುವ ಲೆಕ್ಕ ಸಾಕು.


ಪಾವಗಡದ ಅಮ್ಮ:

ಎಲ್ಲರೂ ಸರಿಯಾಗಿಯೇ ಹೇಳಿದ್ದೀರಿ. ಆದರೆ ನಮ್ಮ ಕಡೆಯ ಒಂದು ವಿಷಯ ಯಾರ ಯೋಜನೆಯಲ್ಲೂ ಬರುವುದಿಲ್ಲ. ಪಾವಗಡದ ಎಷ್ಟೋ ಹಳ್ಳಿಗಳಲ್ಲಿ ಮನೆ ಮಾತು ತೆಲುಗು. ಸುತ್ತ ಆಂಧ್ರ, ನಡುವೆ ನಾವು. ಮಗು ಐದು ವರ್ಷ ಮನೆಯಲ್ಲಿ ‘ನೀಳ್ಳು’ ಅಂದಿರುತ್ತದೆ, ಶಾಲೆಯಲ್ಲಿ ಮೊದಲ ದಿನವೇ ‘ನೀರು’. ಅದು ಹತ್ತಿರದ ಮಾತು, ಹೇಗೋ ಹಿಡಿಯುತ್ತದೆ. ಆದರೆ ‘ಕೊಟ್ಟಿರುವ ಚಿತ್ರವನ್ನು ಗಮನಿಸಿ ಬಿಟ್ಟ ಸ್ಥಳ ತುಂಬಿರಿ’ ಅಂದರೆ ಅದಕ್ಕೆ ಏನು ತಿಳಿಯಬೇಕು? ಉತ್ತರ ಗೊತ್ತಿರುತ್ತದೆ, ಪ್ರಶ್ನೆ ಗೊತ್ತಾಗಿರುವುದಿಲ್ಲ. ಆ ಮಗುವನ್ನು ದಡ್ಡ ಅನ್ನುತ್ತಾರೆ. ಕೋಲಾರದ ಮುಳಬಾಗಿಲು, ಶ್ರೀನಿವಾಸಪುರ, ಚಿಕ್ಕಬಳ್ಳಾಪುರದ ಬಾಗೇಪಲ್ಲಿ ಕಡೆಯೂ ಇದೇ ಪಾಡು ಅಂತ ನನ್ನ ತಂಗಿ ಹೇಳುತ್ತಾಳೆ, ಅವಳನ್ನು ಅಲ್ಲಿಗೇ ಕೊಟ್ಟಿರುವುದು.

ನಮ್ಮ ಶಾಲೆಯ ಒಂದನೇ ತರಗತಿಯ ಟೀಚರ್ ತಾವೇ ತೆಲುಗು ಕಲಿತರು. ಮೊದಲ ಕೆಲವು ತಿಂಗಳು ಕತೆ ತೆಲುಗಿನಲ್ಲಿ ಹೇಳಿ ಅದನ್ನೇ ಕನ್ನಡದಲ್ಲಿ ಮತ್ತೆ ಹೇಳುತ್ತಿದ್ದರು. ಮಕ್ಕಳು ತೆಲುಗಿನಲ್ಲಿ ಉತ್ತರ ಕೊಟ್ಟರೂ ಬೈಯುತ್ತಿರಲಿಲ್ಲ, ಹೌದು ಕಂದ, ಕನ್ನಡದಲ್ಲಿ ಹೀಗೆ ಹೇಳು ಅನ್ನುತ್ತಿದ್ದರು. ಆ ವರ್ಷದ ಮಕ್ಕಳು ಮೂರನೇ ತರಗತಿಗೆ ಬರುವಷ್ಟರಲ್ಲಿ ಚೆನ್ನಾಗಿ ಓದುತ್ತಿದ್ದರು. ಕೇಂದ್ರ ಸರ್ಕಾರದ ನಿಪುಣ ಭಾರತ ಯೋಜನೆ 2021ರಲ್ಲಿ ಬಂತು, 2026–27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಓದಿ ಅರ್ಥ ಮಾಡಿಕೊಳ್ಳಬೇಕು ಅಂತ ಅದರ ಗುರಿ. ಗುರಿ ಬಹಳ ಒಳ್ಳೆಯದು. ಅದು ಆಗಬೇಕಾದರೆ ಇಂಥ ಟೀಚರ್‌ಗಳು ಒಂದೇ ಕಡೆ ನಾಲ್ಕು ವರ್ಷ ಇರಬೇಕು. ಅತಿಥಿ ಶಿಕ್ಷಕರು ಅಂತ ವರ್ಷ ವರ್ಷ ಬದಲಾದರೆ ಮಗುವಿನ ಹೆಸರು ಕಲಿಯುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ.

ಇನ್ನೊಂದು ಹಾಜರಾತಿ. ಮಳೆ ಕೈ ಕೊಟ್ಟ ವರ್ಷ ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ. ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟರೆ ಶಾಲೆ ಉಂಟು, ಜೊತೆಗೆ ಕರೆದುಕೊಂಡು ಹೋದರೆ ಇಲ್ಲ. ನಿಮ್ಮ ಕೊರಟಗೆರೆ ಕಡೆ ಹುಣಸೆಹಣ್ಣಿನ ಕಾಲದಲ್ಲಿ ಮನೆ ಮುಂದೆ ರಾಶಿ ಹಾಕಿಕೊಂಡು ಕುಟ್ಟಿ ಬೀಜ ತೆಗೆಯುವುದಕ್ಕೆ ಮಕ್ಕಳನ್ನೂ ಕೂರಿಸುತ್ತಾರಲ್ಲ, ಅದು ಸರಿಯಾಗಿ ಫೆಬ್ರವರಿ ಮಾರ್ಚ್. ಪರೀಕ್ಷೆಯೂ ಆಗಲೇ. ಶೇ 100 ಹಾಜರಾತಿ ಅಂತ ಬರೆಯುವ ಬದಲು ಯಾವ ತಿಂಗಳು ಯಾವ ಮನೆಯ ಮಗು ಬರುವುದಿಲ್ಲ, ಆ ಮನೆಗೆ ಯಾರು ಹೋಗಿ ಮಾತಾಡುತ್ತಾರೆ ಅಂತ ಬರೆಯಿರಿ. ಮೇಷ್ಟ್ರು ಹೋದರೆ ಹೂಂ ಅಂದು ಕಳಿಸುತ್ತಾರೆ. ಪಕ್ಕದ ಮನೆಯ ಅಕ್ಕ ಹೋದರೆ ಕೂತು ಮಾತಾಡುತ್ತಾರೆ.


ಗೌರಿಬಿದನೂರು ಹುಡುಗ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಿಟ್ಟುಬಿಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬಡವರ ಮನೆಗೆ ಆ ಮಾರ್ಕ್ಸ್ ಕಾರ್ಡೇ ಆಸ್ತಿ. ಐಟಿಐ, ಡಿಪ್ಲೊಮಾ, ಪೊಲೀಸ್ ಕೆಲಸ, ಎಲ್ಲದಕ್ಕೂ ಅದೇ ಬಾಗಿಲು. ನಮ್ಮ ತಾಲ್ಲೂಕಿನ ಹೊಸೂರಿನಿಂದ ಬಂದ ಎಚ್. ನರಸಿಂಹಯ್ಯನವರು ಓದುವುದಕ್ಕಾಗಿ ಬೆಂಗಳೂರಿಗೆ ನಡೆದುಕೊಂಡು ಹೋದವರು, ಮುಂದೆ ಗೌರಿಬಿದನೂರು, ಬಾಗೇಪಲ್ಲಿಯಂಥ ಕಡೆಯೇ ನ್ಯಾಷನಲ್ ಕಾಲೇಜು ತಂದರು. ಹಳ್ಳಿ ಮಕ್ಕಳು ಹತ್ತನೇ ತರಗತಿ ದಾಟಿ ಮುಂದೆ ಓದಬೇಕು ಅನ್ನುವ ಹಠ ಅದು. ಹೆಣ್ಣುಮಗು ಹತ್ತರಲ್ಲಿ ಫೇಲಾದರೆ ಮನೆಯಲ್ಲಿ ಮದುವೆ ಮಾತು ಶುರುವಾಗುತ್ತದೆ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಹೈಸ್ಕೂಲಿಗೆ ಆ ಗುರಿ ಇರಲೇಬೇಕು.

ಆದರೆ ಗುರಿಯ ಒತ್ತಡ ಯಾರ ಮೇಲೆ ಬೀಳುತ್ತದೆ ಅನ್ನುವುದನ್ನು ನೋಡಬೇಕು. ನಮ್ಮ ಅಣ್ಣನ ಮಗನಿಗೆ ಒಂಬತ್ತನೇ ತರಗತಿಯಲ್ಲಿ ಒಂದು ಶಾಲೆಯವರು, ಇವನು ಹತ್ತರಲ್ಲಿ ಪಾಸಾಗುವುದಿಲ್ಲ, ಟಿಸಿ ತಗೊಂಡು ಹೋಗಿ ಖಾಸಗಿಯಾಗಿ ಕಟ್ಟಿಸಿ ಅಂದರು. ಯಾವ ಶಾಲೆ ಅಂತ ಇಲ್ಲಿ ಹೇಳುವುದಿಲ್ಲ. ಅವರ ಶೇ 100 ಉಳಿಯಿತು, ನಮ್ಮ ಹುಡುಗ ಆರು ತಿಂಗಳು ಮನೆಯಲ್ಲಿ ಕೂತ. ಎಂಟನೇ ತರಗತಿಯವರೆಗೆ ಶಿಕ್ಷಣ ಹಕ್ಕು ಕಾಯ್ದೆ ಕಾಯುತ್ತದೆ, ಒಂಬತ್ತರಲ್ಲಿ ಆ ರಕ್ಷಣೆ ಇಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಪಾಸಾದವರು ಎಷ್ಟು ಅಂತ ಬರೆದ ಕಡೆಯೇ ಎಂಟನೇ ತರಗತಿಗೆ ಸೇರಿದ್ದವರು ಎಷ್ಟು, ಅವರಲ್ಲಿ ಹತ್ತರ ಪರೀಕ್ಷೆ ಬರೆದವರು ಎಷ್ಟು ಅಂತಲೂ ಬರೆಯಬೇಕು. ಮಧ್ಯೆ ಬಿಟ್ಟುಹೋದ ಮಗು ಯಾವ ಶೇಕಡಾದಲ್ಲೂ ಕಾಣುವುದಿಲ್ಲ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಮೊದಲನೆಯದರಲ್ಲಿ ಹೋದವರನ್ನು ಮುಂದಿನದಕ್ಕೆ ಕರೆತಂದು ಕೂರಿಸುವುದೂ ಗುರಿಯೇ ಅಲ್ವಾ?


ಲೆಕ್ಕದ ಮೇಷ್ಟ್ರು, ಶಿರಾ:

ಗೌರಿಬಿದನೂರಿನ ತಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಹತ್ತನೇ ತರಗತಿ ಮುಖ್ಯ ಅಲ್ಲ ಅಂತ ನಾನೂ ಹೇಳಲಿಲ್ಲ. ಎಂಟರಲ್ಲಿ ಸೇರಿದವರ ಲೆಕ್ಕ ಇಡಬೇಕು ಅನ್ನುವುದನ್ನು ನಮ್ಮ ಶಾಲೆಯ ಸಭೆಯಲ್ಲೂ ಎತ್ತುತ್ತೇನೆ.


ಜಯಮಂಗಲಿ, ಕೊರಟಗೆರೆ ತಾಲ್ಲೂಕು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೂತು ಬರೆದಿದ್ದೇನೆ, ನೋಡಿ ಹೇಳಿ.

ಮಾರ್ಚ್ ಮುಗಿಯುವುದರೊಳಗೆ ನಾಲ್ಕು ಮತ್ತು ಐದನೇ ತರಗತಿಯ ಪ್ರತಿ ಮಗು ಮೊದಲು ನೋಡಿರದ ಒಂದು ಪುಟದ ಕತೆ ಓದಿ, ಅದರಲ್ಲಿ ಏನಾಯಿತು ಅಂತ ತನ್ನ ಮಾತಿನಲ್ಲಿ ಹೇಳಬೇಕು. ಅದೇ ಮಕ್ಕಳು ಎರಡಂಕಿಯ ಕಳೆಯುವ ಲೆಕ್ಕವನ್ನು ಕಡ್ಡಿ ಕಟ್ಟಿನಲ್ಲಿ ಮಾಡಿ ತೋರಿಸಿ ಆಮೇಲೆ ಹಾಳೆಯ ಮೇಲೆ ಮಾಡಬೇಕು. ಈಗಲೇ ಒಂದು ಸಲ ನೋಡುವುದು, ದಸರಾ ರಜೆ ಮುಗಿದ ಮೇಲೆ ಒಂದು ಸಲ, ಜನವರಿಯಲ್ಲಿ ಒಂದು ಸಲ. ಹುಣಸೆ ಕಾಲದಲ್ಲಿ ಮಕ್ಕಳನ್ನು ಬಿಡಿಸಬೇಡಿ ಅಂತ ಮನೆಗೆ ಹೋಗುವುದಕ್ಕೆ ಮೂವರು ಮಹಿಳಾ ಸದಸ್ಯರು ಒಪ್ಪಿದ್ದಾರೆ. ಬೆಳಗಿನ ಮೊದಲ ಗಂಟೆ ಓದು ಮತ್ತು ಲೆಕ್ಕಕ್ಕೆ ಮೀಸಲು, ಆ ಹೊತ್ತಲ್ಲಿ ಯಾರೂ ಮೇಷ್ಟ್ರನ್ನು ಕರೆಯುವಂತಿಲ್ಲ. ಏಳನೇ ತರಗತಿ ಮುಗಿಸಿ ಹೋದವರು ಹೈಸ್ಕೂಲಿಗೆ ಸೇರಿದರಾ ಅಂತ ಜೂನ್‌ನಲ್ಲಿ ನಾವೇ ವಿಚಾರಿಸುವುದು.

ಹೆಡ್‌ಮಾಸ್ಟರಿಗೆ ತೋರಿಸಿದೆ. ಎರಡು ಸಲ ಓದಿದರು. ಇದನ್ನು ಮಾಡಬಹುದು, ಆದರೆ ಓದಿಸುವುದಕ್ಕೆ ಪಾಠಪುಸ್ತಕ ಬಿಟ್ಟು ಬೇರೆ ಪುಸ್ತಕ ನಮ್ಮಲ್ಲಿ ಕಡಿಮೆ ಇದೆ ಅಂದರು. ಪಾವಗಡದ ಅಕ್ಕ, ನಿಮ್ಮ ಟೀಚರ್ ಕತೆ ಎಲ್ಲಿಂದ ತರುತ್ತಿದ್ದರು?


ಪಾವಗಡದ ಅಮ್ಮ:

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅಂತ ಇದೆ, ಫೋನಲ್ಲೇ ಸಿಗುತ್ತದೆ, ದುಡ್ಡು ಬೇಡ. ಕನ್ನಡದಲ್ಲೂ ಇದೆ, ತೆಲುಗಿನಲ್ಲೂ ಇದೆ. ಕತೆಗಳನ್ನು ಹಂತ ಹಂತವಾಗಿ ಜೋಡಿಸಿದ್ದಾರೆ, ಮೊದಲ ಹಂತದಲ್ಲಿ ಪುಟಕ್ಕೆ ಒಂದೆರಡು ಸಾಲು ಅಷ್ಟೇ. ಟೀಚರ್ ಅದನ್ನು ಪ್ರಿಂಟ್ ಹಾಕಿಸಿ ರಟ್ಟಿಗೆ ಅಂಟಿಸುತ್ತಿದ್ದರು. ನಿಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲೂ, ಅಂದರೆ ಗ್ರಂಥಾಲಯದಲ್ಲೂ, ಮಕ್ಕಳ ಪುಸ್ತಕ ಇರುತ್ತವೆ, ಶಾಲೆ ಮಕ್ಕಳಿಗೆ ಸದಸ್ಯತ್ವ ಉಚಿತ.


ನಿವೃತ್ತ ಸಿಆರ್‌ಪಿ, ಮಧುಗಿರಿ:

ನಿಮ್ಮ ಕರಡು ಚೆನ್ನಾಗಿದೆ. ಎರಡು ತಿದ್ದುಪಡಿ. ಪ್ರತಿ ಗುರಿಯ ಮುಂದೆ ಹೊಣೆ ಯಾರದು ಅಂತ ಒಂದು ಹೆಸರು ಇರಲಿ, ಸಮಿತಿ ಅಂತ ಬರೆದರೆ ಯಾರೂ ಮಾಡುವುದಿಲ್ಲ. ಮೂರನೇ ತರಗತಿಯನ್ನೂ ಸೇರಿಸಿ, ನಾಲ್ಕಕ್ಕೆ ಬಂದ ಮೇಲೆ ಹಿಡಿಯುವುದಕ್ಕಿಂತ ಅಲ್ಲೇ ಹಿಡಿದರೆ ಕೆಲಸ ಅರ್ಧ. ಗಣಿತ ಗಣಕ ಅಂತ ಸರ್ಕಾರದ್ದೇ ಕಾರ್ಯಕ್ರಮ ಇದೆ, 3ರಿಂದ 5ನೇ ತರಗತಿ ಮಕ್ಕಳಿಗೆ ಶಿಕ್ಷಕರು ಫೋನ್ ಮಾಡಿ ಲೆಕ್ಕ ಹೇಳಿಕೊಡುವುದು. ನಿಮ್ಮ ಶಾಲೆಯಲ್ಲಿ ನಡೆಯುತ್ತಿದೆಯಾ ಅಂತ ಹೆಡ್‌ಮಾಸ್ಟರನ್ನು ಕೇಳಿ. ಆ ಕರೆ ಬಂದಾಗ ಮನೆಯಲ್ಲಿ ಫೋನ್ ಮಗುವಿನ ಕೈಗೆ ಕೊಡುವುದು ಪೋಷಕರ ಕಡೆಯ ಗುರಿ ಅಂತ ಬರೆಯಿರಿ. ಯೋಜನೆಯ ಒಂದು ಪ್ರತಿಯನ್ನು ಪಂಚಾಯಿತಿಗೂ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಮಕ್ಕಳ ಗ್ರಾಮಸಭೆಯಲ್ಲಿ ಅದನ್ನೇ ಮುಂದಿಟ್ಟು ಪುಸ್ತಕಕ್ಕೆ ದುಡ್ಡು ಕೇಳಬಹುದು.